‘ಸೆಮಿ ಶೇಡ್’ ಚೀಟಿಯ ಹಣ್ಣಿನ ಸಸಿಗಳು: ಹಳೇ ಮರದಡಿ ಯಾವುದು ಫಲ ಕೊಡುತ್ತದೆ, ಯಾವುದು ಬರೀ ಎಲೆ

ನರ್ಸರಿಗೆ ಹೋಗಿ “ಹಿತ್ತಿಲಲ್ಲಿ ಹಳೇ ಹಲಸಿನ ಮರ ಇದೆ, ಅದರಡಿ ಯಾವ ಹಣ್ಣಿನ ಗಿಡ ಹಾಕಬಹುದು?” ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ಎಲ್ಲಾ ಬರ್ತದೆ, ತಗೊಂಡ್ಹೋಗಿ.” ಬರುವುದು ನಿಜ. ಸೀಬೆ ಬರುತ್ತದೆ, ನಿಂಬೆ ಬರುತ್ತದೆ, ಸಪೋಟವೂ ಬರುತ್ತದೆ. ಬೆಳಕು ಹುಡುಕಿಕೊಂಡು ಸಣಕಲಾಗಿ ಮೇಲೇರಿ, ಎಲೆ ಬಿಟ್ಟುಕೊಂಡು ವರ್ಷಗಟ್ಟಲೆ ನಿಂತಿರುತ್ತವೆ. ಹಣ್ಣು ಮಾತ್ರ ಕಾಣುವುದಿಲ್ಲ. ಸಸಿಯ ಚೀಟಿಯಲ್ಲಿ ‘ಸೆಮಿ ಶೇಡ್’ (ಅರೆನೆರಳು) ಎಂದು ಬರೆದಿದ್ದರೆ, ನೆರಳಲ್ಲಿ ಗಿಡ ಸಾಯುವುದಿಲ್ಲ ಎಂದಷ್ಟೇ ತಿಳಿಯಬೇಕು. ಬದುಕುವುದು ಬೇರೆ, ಫಲ ಕಟ್ಟುವುದು ಬೇರೆ. ಕರ್ನಾಟಕದ ನರ್ಸರಿಗಳಲ್ಲಿ ಸಿಗುವ, ‘ನೆರಳಿಗೂ ಆಗುತ್ತದೆ’ ಎಂದು ಮಾರುವ ಸಸಿಗಳನ್ನು ಇಲ್ಲಿ ಆ ಒಂದೇ ಪ್ರಶ್ನೆಯಿಂದ ತೂಗಿ ನೋಡಿದೆ: ಬೆಳೆದ ಮರದ ಕೆಳಗೆ ಇದು ಹಣ್ಣು ಕೊಡುತ್ತದೆಯೇ?

ಮೊದಲು ಒಂದು ಸೂತ್ರ. ಹಣ್ಣಿನ ಸಿಹಿ ಎಂದರೆ ಎಲೆ ಬಿಸಿಲಲ್ಲಿ ಮಾಡಿದ ಸಕ್ಕರೆ. ಬಿಸಿಲು ಕಡಿಮೆಯಾದಷ್ಟೂ ಗಿಡ ಹೂವನ್ನು ಮುಂದೂಡುತ್ತದೆ, ಕಟ್ಟಿದ ಹೀಚನ್ನು ಉದುರಿಸುತ್ತದೆ. ಹಾಗಾಗಿ ನೆರಳಿಗೆ ಹೊಂದುವುದು ಎರಡೇ ಬಗೆಯವು: ಹುಟ್ಟಿನಿಂದಲೇ ಕಾಡಿನ ಎರಡನೇ ಅಂತಸ್ತಿನಲ್ಲಿ, ದೊಡ್ಡ ಮರಗಳ ಕೆಳಗೆ ಬೆಳೆದು ಬಂದ ಜಾತಿಗಳು ಒಂದು, ಹುಳಿಗಾಗಿಯೇ ಬಳಸುವ ಹಣ್ಣುಗಳು ಇನ್ನೊಂದು. ಎರಡೂ ಗುಣ ಒಂದೇ ಗಿಡದಲ್ಲಿದ್ದರೆ ಅದೇ ಮೊದಲ ಆಯ್ಕೆ.

ದುಡ್ಡು ಕೊಡುವ ಮೊದಲು ಮನೆಯಲ್ಲಿ ಮಾಡಬೇಕಾದ ಕೆಲಸವೊಂದಿದೆ. ಫೋನಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು, ಮೋಡವಿಲ್ಲದ ದಿನ ಬೆಳಿಗ್ಗೆ ಹತ್ತು, ಮಧ್ಯಾಹ್ನ ಹನ್ನೆರಡೂವರೆ ಮತ್ತು ಮೂರು ಗಂಟೆಗೆ, ಮೊದಲು ಬಯಲಲ್ಲಿ, ಆಮೇಲೆ ಗಿಡ ನೆಡಬೇಕೆಂದಿರುವ ಜಾಗದಲ್ಲಿ ನಾಲ್ಕಾರು ಕಡೆ ಅಳೆಯಿರಿ. ನಡುಮಧ್ಯಾಹ್ನದ ಬಯಲು ಬಿಸಿಲು ಸುಮಾರು 1,00,000 ಲಕ್ಸ್ (ಬೆಳಕಿನ ಅಳತೆಯ ಮಾನ). ಫೋನಿನ ಅಳತೆ ಕರಾರುವಾಕ್ಕಾಗಿ ಇರುವುದಿಲ್ಲ, ಆದರೆ ನಮಗೆ ಬೇಕಾದದ್ದು ಎರಡರ ನಡುವಿನ ಪಾಲು. ಮರದಡಿಯ ಬೆಳಕು ಬಯಲಿನ ಹತ್ತನೇ ಒಂದು ಪಾಲಿಗಿಂತ ಕಡಿಮೆಯಿದ್ದರೆ ಅಲ್ಲಿ ಯಾವ ಹಣ್ಣಿನ ಸಸಿಗೂ ದುಡ್ಡು ಹಾಕಬೇಡಿ. ಕಾಲು ಪಾಲಿದ್ದರೆ ಆಯ್ಕೆ ಇದೆ. ಅರ್ಧದ ಹತ್ತಿರ ಇದ್ದರೆ ಕೆಳಗೆ ಹೇಳಿದ ಹೆಚ್ಚಿನವು ನಡೆಯುತ್ತವೆ.

ದಿಕ್ಕನ್ನೂ ನೋಡಬೇಕು. ನಮ್ಮ ಕಡೆ ನವೆಂಬರಿನಿಂದ ಫೆಬ್ರವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ಮರದ ದಕ್ಷಿಣ ಮತ್ತು ಆಗ್ನೇಯ ಅಂಚಿಗೆ ಓರೆ ಬಿಸಿಲು ಕೊಂಬೆಗಳ ಅಡಿಯಿಂದ ನುಗ್ಗಿ ಬರುತ್ತದೆ. ಮುರುಗಲು ಹೂಬಿಡುವುದೂ ಅದೇ ಕಾಲದಲ್ಲಿ. ಉತ್ತರ ಬದಿಗೆ ಬಿಸಿಲು ತಿರುಗುವ ಹೊತ್ತಿಗೆ ಮಳೆಗಾಲದ ಮೋಡ ಕವಿದಿರುತ್ತದೆ. ಒಂದೇ ಮರದ ಕೆಳಗೆ ಎರಡು ಬದಿಯಲ್ಲಿ ನೆಟ್ಟ ಒಂದೇ ಜಾತಿಯ ಗಿಡಗಳಲ್ಲಿ ಒಂದು ಕಾಯಿಬಿಟ್ಟು ಇನ್ನೊಂದು ಬಿಡದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಮೇಲಿನ ಮರ ಯಾವುದೆಂಬುದೂ ಅಷ್ಟೇ ಮುಖ್ಯ. ಸಿಲ್ವರ್ ಓಕ್, ಮಳೆಮರಗಳ ನೆರಳು ಜರಡಿ ಹಿಡಿದಂತೆ. ಬೆಳಕು ಸೋಸಿ ಇಳಿಯುತ್ತದೆ. ಹಲಸು, ಮಾವಿನದು ದಟ್ಟ. ಅವುಗಳ ಕೆಳಗಿನ ಕೊಂಬೆಗಳನ್ನು ಎಂಟು-ಹತ್ತು ಅಡಿ ಎತ್ತರದವರೆಗೆ ಬಿಡಿಸಿದರೆ ಅಡಿಗೆ ಬೆಳಕು ಬರುತ್ತದೆ. ಕಾಫಿ ತೋಟದವರು ಮರಗಸಿ ಎನ್ನುವುದು ಇದನ್ನೇ. ಫಸಲು ಮುಗಿದ ಮೇಲೆ ಮಾಡಬೇಕು, ಒಂದು ವರ್ಷಕ್ಕೆ ಹಸುರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಹುಣಸೆ, ನೀಲಗಿರಿ, ಅಕೇಶಿಯದ ಅಡಿ ಹಣ್ಣಿನ ಗಿಡದ ಆಸೆ ಬಿಡುವುದೇ ಲೇಸು.

ಇನ್ನು ಸಸಿಗಳು. ಕರಾವಳಿ, ಮಲೆನಾಡಿನವರಿಗೆ ಮೊದಲ ಹೆಸರು ಮುರುಗಲು. ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಕೊಂಕಣಿಗರ ಬಾಯಲ್ಲಿ ಭಿರಿಂಡ, ಅಂಗಡಿಯಲ್ಲಿ ಕೋಕಂ. ಪಶ್ಚಿಮ ಘಟ್ಟದ ಕಾಡಿನಲ್ಲಿ ದೊಡ್ಡ ಮರಗಳ ಕೆಳಗೇ ಬೆಳೆಯುವ ನಿತ್ಯಹಸುರು ಮರ ಇದು. ಹುಳಿಗೇ ಬೆಲೆ ಇರುವುದರಿಂದ ನೆರಳಲ್ಲಿ ಸಿಹಿ ಕಡಿಮೆಯಾದರೂ ನಷ್ಟವಿಲ್ಲ. ಬೇರೂರಿದ ಮೇಲೆ ನಾಲ್ಕೈದು ತಿಂಗಳ ಒಣಹವೆಯನ್ನು ತಡೆಯುತ್ತದೆ, ಗೊಬ್ಬರ ಹೆಚ್ಚು ಕೇಳುವುದಿಲ್ಲ. ಸಿಪ್ಪೆ ಶರಬತ್ತಿಗೆ, ಸಾರಿಗೆ. ಬೀಜ ಮುರುಗಲು ತುಪ್ಪಕ್ಕೆ. ಎಸೆಯುವಂಥದ್ದು ಏನೂ ಇಲ್ಲ.

ಆದರೆ ಕೊಳ್ಳುವಾಗ ಅತಿ ಹೆಚ್ಚು ಮೋಸಹೋಗುವುದೂ ಇದರಲ್ಲೇ. ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಎಬ್ಬಿಸಿದ ಸಸಿಗಳಲ್ಲಿ ಸುಮಾರು ಅರ್ಧದಷ್ಟು ಗಂಡೇ ಆಗುತ್ತವೆ, ಹೂಬಿಡುವವರೆಗೆ ಯಾವುದು ಯಾವುದೆಂದು ಹೇಳಲಾಗುವುದಿಲ್ಲ. ಹೂವಿಗೆ ಆರೇಳು ವರ್ಷ ಬೇಕು. ಆರೇಳು ವರ್ಷ ನೀರೆರೆದ ಮೇಲೆ ಅದು ಗಂಡು ಎಂದು ಗೊತ್ತಾದರೆ ಯಾರಿಗಾದರೂ ಸಂಕಟವೇ. ಹಾಗಾಗಿ ಕಸಿ ಗಿಡವನ್ನೇ ಕೊಳ್ಳಿ. ಮಹಾರಾಷ್ಟ್ರದ ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠದ ‘ಕೊಂಕಣ ಅಮೃತಾ’, ‘ಕೊಂಕಣ ಹಾತೀಸ್’ ತಳಿಗಳ ಹೆಸರಿನಲ್ಲಿ ಕಸಿ ಸಿಗುತ್ತವೆ. ಶಿರಸಿಯ ಅರಣ್ಯ ಕಾಲೇಜು ಮುರುಗಲು, ಉಪ್ಪಾಗೆ ಕಸಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಜಾಗ. ಉತ್ತರ ಕನ್ನಡದವರು ಅಲ್ಲಿ ವಿಚಾರಿಸಿ ನೋಡಬಹುದು.

ಕಸಿ ಎಂದಾಕ್ಷಣ ಎಲ್ಲ ಒಂದೇ ಅಲ್ಲ. ನೆಟ್ಟಗೆ ಮೇಲೇರುವ ಕುಡಿಯಿಂದ ಕಸಿಕಡ್ಡಿ ತೆಗೆದಿದ್ದರೆ ಗಿಡ ಗೋಪುರದಂತೆ ಎತ್ತರಕ್ಕೆ ಬೆಳೆಯುತ್ತದೆ. ಅಡ್ಡಕೊಂಬೆಯಿಂದ ತೆಗೆದಿದ್ದರೆ ನೆಲಕ್ಕೆ ಹರಡಿಕೊಂಡು ಪೊದೆಯಾಗುತ್ತದೆ. ತೋಟಕ್ಕೆ ಹಾಕುವವರು ಎರಡನೆಯದನ್ನು ಬೇಡ ಎನ್ನುತ್ತಾರೆ. ಹಳೇ ಮರದಡಿ, ತಲೆಯ ಮೇಲೆ ಹತ್ತಡಿಯಷ್ಟೇ ಜಾಗ ಇರುವಲ್ಲಿ, ಅದೇ ಅನುಕೂಲ: ಏಣಿ ಇಲ್ಲದೆ ಕಾಯಿ ಕೊಯ್ಯಬಹುದು. ಸಸಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ. ಕಸಿಗಂಟಿನ ಮೇಲಿನ ಕಾಂಡದಿಂದ ಕೊಂಬೆಗಳು ಸುತ್ತಲೂ ಜೋಡಿಜೋಡಿಯಾಗಿ ಹೊರಟಿದ್ದರೆ ನೇರ ಕುಡಿ. ಗಿಡವೇ ಒಂದು ಬದಿಗೆ ವಾಲಿ ಎಲೆಗಳೆಲ್ಲ ಒಂದೇ ಸಮತಳದಲ್ಲಿ ಹರಡಿದ್ದರೆ ಅಡ್ಡಕೊಂಬೆಯದು.

ಹೆಣ್ಣು ಕಸಿ ಒಂದನ್ನೇ ನೆಟ್ಟರೆ ಪರಾಗಕ್ಕೆ ಗಂಡು ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಸುತ್ತ ಕಾಡುಮುರುಗಲು ಇರುವ ಊರಿನಲ್ಲಿ ಚಿಂತೆಯಿಲ್ಲ. ಇಲ್ಲದ ಕಡೆ ಎರಡು ಬೀಜದ ಸಸಿಗಳನ್ನು ಹಿತ್ತಿಲ ಮೂಲೆಯಲ್ಲಿ ಒತ್ತೊತ್ತಾಗಿ ನೆಟ್ಟು, ಗಂಡು ಬಂದದ್ದನ್ನು ಉಳಿಸಿಕೊಳ್ಳಿ. ಇನ್ನೊಂದು ತೊಂದರೆ ಮಳೆಯದು. ಹಣ್ಣು ಏಪ್ರಿಲ್-ಮೇನಲ್ಲಿ ಮಾಗಬೇಕು. ನೆರಳು ದಟ್ಟವಾದಷ್ಟೂ ಮಾಗುವುದು ತಡವಾಗಿ ಜೂನ್ ಮಳೆಗೆ ಸಿಕ್ಕಿ ಹಣ್ಣು ಕೊಳೆಯುತ್ತದೆ. ದಕ್ಷಿಣದ ಅಂಚು ಬೇಕು ಎಂದದ್ದು ಇದಕ್ಕೇ. ಐದಕ್ಕೆ ನಾಲ್ಕೂವರೆ ಕೊಡಬಹುದಾದ ಗಿಡ ಇದು. ಬೀಜದ ಸಸಿಗಾದರೆ ಎರಡು.

ಉಪ್ಪಾಗೆ ಇದರದೇ ಬಳಗದ್ದು, ಗಂಡು-ಹೆಣ್ಣಿನ ಸಮಸ್ಯೆಯೂ ಅದೇ. ಕೊಡಗಿನವರು ಅಡುಗೆಗೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿ ಇದರ ಹಣ್ಣಿನಿಂದಲೇ. ಮರ ಮುರುಗಲಿಗಿಂತ ದೊಡ್ಡದಾಗುತ್ತದೆ, ಹಣ್ಣು ಬೀಳುವುದು ಸುರಿಮಳೆಯಲ್ಲಿ, ಸಿಪ್ಪೆ ಒಣಗಿಸಲು ಬೆಂಕಿ ಹಾಕಬೇಕು. ಆ ಶ್ರಮಕ್ಕೆ ಸಿದ್ಧರಿರುವವರಿಗೆ ಮಾತ್ರ.

ಕೋಕೋ ಎರಡನೇ ಜಾಗದಲ್ಲಿದೆ, ಆದರೆ ನೀರು ಕೊಡಲು ಆಗುವವರಿಗೆ ಮಾತ್ರ. ಅಡಿಕೆ ತೋಟದಲ್ಲಿ ನಡುಬೆಳೆಯಾಗಿ ಇದು ಚೆನ್ನಾಗಿ ಬರುವುದನ್ನು ದಕ್ಷಿಣ ಕನ್ನಡದವರೆಲ್ಲ ಬಲ್ಲರು. ವಿಟ್ಲದ ಸಿ.ಪಿ.ಸಿ.ಆರ್.ಐ. (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರ ತಳಿಗಳನ್ನು ಕೊಟ್ಟಿದೆ, ಪುತ್ತೂರಿನ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ 1986ರಿಂದ ನಡೆಯುತ್ತಿದೆ. ಬಯಲಿನ ಅರ್ಧದಷ್ಟು ಬೆಳಕಿದ್ದರೆ ಇದಕ್ಕೆ ಸಾಕು. ಮೂರನೇ ವರ್ಷಕ್ಕೆ ಕಾಂಡದ ಮೇಲೇ ಕಾಯಿ ಶುರು, ಹೂವಿನಿಂದ ಹಣ್ಣಿಗೆ ಐದಾರು ತಿಂಗಳು.

ಒಂಟಿ ಗಿಡ ಕೊಳ್ಳಬೇಡಿ. ಎಷ್ಟೋ ಕೋಕೋ ಗಿಡಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಎರಡು-ಮೂರು ಬೇರೆ ಬೇರೆ ತಾಯಿಮರದ ಸಸಿ ಬೇಕು. ಪರಾಗ ಸಾಗಿಸುವುದು ಜೇನಲ್ಲ, ಗುಂಗುರಿನಷ್ಟು ಸಣ್ಣ ನೊಣ. ಅದು ಹುಟ್ಟುವುದು ಒದ್ದೆ ತರಗೆಲೆ, ಕೊಳೆತ ಕಾಯಿಸಿಪ್ಪೆಗಳಲ್ಲಿ. ಮರದಡಿಯನ್ನು ದಿನಾ ಗುಡಿಸಿ ಚೊಕ್ಕ ಇಡುವ ಮನೆಯಲ್ಲಿ ಕೋಕೋ ಹೂ ಬಿಟ್ಟೂ ಕಾಯಿ ಕಚ್ಚದಿರುವುದಕ್ಕೆ ಅದೇ ಕಾರಣವಿರಬಹುದು. ತರಗೆಲೆ ಹಾಗೇ ಬಿಡಿ.

ಗಿಡ ಎದೆಮಟ್ಟಕ್ಕೆ ಬಂದಾಗ ಐದು ಕವಲಾಗಿ ಒಡೆಯುತ್ತದೆ. ಅದರ ಕೆಳಗಿನಿಂದ ನೆಟ್ಟಗೆ ಏಳುವ ಚಿಗುರನ್ನು ಬಂದಂತೆಲ್ಲ ಚಿವುಟಬೇಕು. ಬಿಟ್ಟರೆ ಅದು ಮೇಲೆ ಹೋಗಿ ಇನ್ನೊಂದು ಅಂತಸ್ತು ಕಟ್ಟಿ ಹಳೇ ಮರದ ಕೊಂಬೆಗೆ ತಾಗುತ್ತದೆ. ಮಳೆಗಾಲದಲ್ಲಿ ಕಾಯಿಕೊಳೆ ಖಂಡಿತ ಬರುತ್ತದೆ: ಕಾಯಿಯ ಮೇಲೆ ಕಂದು ಮಚ್ಚೆ ಎದ್ದು, ಹರಡಿ, ಇಡೀ ಕಾಯಿ ಕಪ್ಪಾಗುತ್ತದೆ. ಶೇ. 1ರ ಬೋರ್ಡೊ ದ್ರಾವಣವನ್ನು (ಹತ್ತು ಲೀಟರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ) ಮಳೆ ಹಿಡಿಯುವ ಮೊದಲೊಮ್ಮೆ, 45 ದಿನಕ್ಕೆ ಇನ್ನೊಮ್ಮೆ ಹೊಡೆಯಿರಿ. ಕಪ್ಪಾದ ಕಾಯಿ ಕಿತ್ತು ದೂರ ಹೂಳಿ. ಇಲಿ, ಅಳಿಲಿನ ಕಾಟದಲ್ಲಿ ಯಾರು ಕಳ್ಳರೆಂದು ಕಾಯಿಯೇ ಹೇಳುತ್ತದೆ. ತೊಟ್ಟಿನ ಹತ್ತಿರ ಕೊರೆದಿದ್ದರೆ ಇಲಿ, ನಡುವಿಗೆ ತೂತು ಮಾಡಿದ್ದರೆ ಅಳಿಲು. ಇಲಿಗೆ ಬೋನು ನಡೆಯುತ್ತದೆ. ಅಳಿಲಿಗೆ ಕಾಯಿ ಹಳದಿಯಾದ ತಕ್ಷಣ ಕೊಯ್ಯುವುದೊಂದೇ ದಾರಿ, ಹತ್ತು-ಹನ್ನೆರಡು ದಿನಕ್ಕೊಮ್ಮೆ ಸುತ್ತು ಹಾಕಬೇಕು.

ಮನೆಯಲ್ಲೇ ಚಾಕೊಲೇಟ್ ಮಾಡುವ ಆಸೆಯಿಂದ ಕೊಳ್ಳುವವರು ತಿಳಿದಿರಬೇಕು: ಬೀಜ ಹುದುಗಲು ರಾಶಿ ದೊಡ್ಡದಿರಬೇಕು, ಒಳಗೆ ಶಾಖ ಏಳಬೇಕು. ಎರಡು ಗಿಡದ ಹತ್ತು ಕಾಯಿಯ ಬೀಜ ಹುದುಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಬೀಜದ ಸುತ್ತಲಿನ ಬಿಳಿ ತಿರುಳನ್ನು ಚೀಪಿ ತಿನ್ನುವುದಕ್ಕೆ, ಪಾನಕಕ್ಕೆ ಎಂದು ಕೊಂಡರೆ ಸಂತೋಷ. ಕರಾವಳಿಯಲ್ಲಿ ನಾಲ್ಕು ಅಂಕ. ಬೆಂಗಳೂರು, ಮೈಸೂರಿನ ಒಣಬೇಸಿಗೆಗೆ ಒಂದೂವರೆ. ಮಾರ್ಚಿನಲ್ಲಿ ಎಲೆಯಂಚು ಸುಟ್ಟು, ಹೀಚುಗಳು ಕಪ್ಪಾಗಿ ಒಣಗಿ ಕಾಂಡಕ್ಕೆ ಅಂಟಿಕೊಂಡಿರುತ್ತವೆ.

ಅನಾನಸಿಗೆ ಒಂದು ವಿಶೇಷ ಅನುಕೂಲವಿದೆ. ಬೇರು ಮೇಲುಮಟ್ಟದ್ದು, ಗುಂಡಿ ತೋಡಬೇಕಿಲ್ಲ, ಹಳೇ ಮರದ ಬೇರಿಗೆ ಗಾಯವಿಲ್ಲ. ಕ್ಯೂ ತಳಿಯ ಹಣ್ಣು ದೊಡ್ಡದು, ಎಲೆಯ ತುದಿ ಬಿಟ್ಟರೆ ಮುಳ್ಳು ಕಡಿಮೆ. ಕ್ವೀನ್ ಚಿಕ್ಕದು, ಸಿಹಿ, ಮೈಯೆಲ್ಲ ಮುಳ್ಳು. ಮಕ್ಕಳು ಓಡಾಡುವ ಹಿತ್ತಿಲಿಗೆ ಕ್ಯೂ. ಹಣ್ಣಿನ ತಲೆಯ ಜುಟ್ಟು ನೆಡುವುದಕ್ಕಿಂತ ಬುಡದಿಂದ ಏಳುವ ಮರಿಗಿಡ, ಅಂದರೆ ಕಂದು, ನೆಡುವುದು ವಾಸಿ: ಬಿಸಿಲಲ್ಲಿ ಕಂದು 15–18 ತಿಂಗಳಿಗೆ ಹಣ್ಣು ಕೊಟ್ಟರೆ ಜುಟ್ಟಿಗೆ ಎರಡು ವರ್ಷದ ಹತ್ತಿರ ಬೇಕು. ನೆರಳಲ್ಲಿ ಎರಡಕ್ಕೂ ಇನ್ನಷ್ಟು ತಿಂಗಳು ಸೇರಿಸಿ. ದಿನಕ್ಕೆ ಮೂರು ಗಂಟೆಯೂ ನೇರ ಬಿಸಿಲು ಬೀಳದ ಕಡೆ ಎಲೆ ಮಾರುದ್ದ ಬೆಳೆದು ಜೋತುಬೀಳುತ್ತದೆ, ಹೂವಿನ ಸುಳಿವೇ ಇರುವುದಿಲ್ಲ. ಕೊಂಬೆಗಳ ಹರವಿನ ಅಂಚಿನಲ್ಲಿ, ಅಡಿಗೊಂದರಂತೆ ಸಾಲು ಹಾಕಿ. ಮರದಡಿಯ ವಿಶೇಷ ಕಾಯಿಲೆ ಒಂದಿದೆ: ಉದುರಿದ ಹಲಸಿನೆಲೆ ಸುಳಿಯೊಳಗೆ ಕೂತು, ನೀರು ನಿಂತು, ಸುಳಿ ಕೊಳೆಯುತ್ತದೆ. ಅದರ ಹಿಂದೆಯೇ ಇರುವೆ, ಇರುವೆಯ ಹಿಂದೆ ಹಿಟ್ಟುತಿಗಣೆ, ಆಮೇಲೆ ಎಲೆ ಕೆಂಪಾಗಿ ಸೊರಗುವ ರೋಗ. ವಾರಕ್ಕೊಮ್ಮೆ ಸುಳಿಯಿಂದ ಎಲೆ ಹೆಕ್ಕಬೇಕು. ಮೂರೂವರೆ ಅಂಕ.

ಬಯಲುಸೀಮೆಯವರು, ಮುಖ್ಯವಾಗಿ ಬೆಂಗಳೂರಿನ ಹೊಂಗೆ, ಮಾವಿನ ನೆರಳಿನ ಮನೆಗಳವರು, ಮೊದಲು ನೋಡಬೇಕಾದದ್ದು ಸುರಿನಾಮ್ ಚೆರ್ರಿ. ಕೆಲವು ನರ್ಸರಿಗಳಲ್ಲಿ ಪಿಟಾಂಗ ಎನ್ನುತ್ತಾರೆ. ಚಿಕ್ಕ ಕುಂಬಳಕಾಯಿಯಂತೆ ಗೆರೆಗೆರೆಯಾದ ಹಣ್ಣು, ಆರರಿಂದ ಹತ್ತಡಿಯ ಪೊದೆ. ಮೂರ್ನಾಲ್ಕು ಗಂಟೆಯ ಬಿಸಿಲಿಗೆ ಹೂಬಿಡುತ್ತದೆ, ಹೂವಾದ ಮೂರೇ ವಾರಕ್ಕೆ ಹಣ್ಣು. ಒಣಹವೆ ತಡೆಯುತ್ತದೆ. ಕೆಂಪು, ಕಪ್ಪು ಎಂದು ಎರಡು ಬಗೆ. ಕಪ್ಪಿನದು ಹೆಚ್ಚು ಸಿಹಿ, ದುಬಾರಿಯೂ ಹೌದು. ಅಂಗಡಿಯವರಿಗೆ ಹಣ್ಣಿನ ಬಣ್ಣ ಹೇಳಲು ಬರದಿದ್ದರೆ ಕೆಂಪೆಂದೇ ಭಾವಿಸಿ ಬೆಲೆ ಕೊಡಿ. ಕಿತ್ತಳೆ ಬಣ್ಣಕ್ಕೆ ಬಂದಾಗ ಕಿತ್ತರೆ ಸೀಮೆಣ್ಣೆ ಸೋಕಿದಂಥ ವಾಸನೆ ಬಾಯಿಗೆ ಹತ್ತುತ್ತದೆ, ‘ಚೆನ್ನಾಗಿಲ್ಲ’ ಎಂದು ಗಿಡ ಕಡಿದವರಿದ್ದಾರೆ. ಗಾಢ ಕೆಂಪಾಗಿ, ಬೆರಳು ತಾಗಿದರೆ ತಾನೇ ಕೈಗೆ ಬರುವಂತಾದ ಮೇಲೆ ತಿನ್ನಬೇಕು. ಹಣ್ಣುನೊಣ ಬರುತ್ತದೆ, ಉದುರಿದ್ದನ್ನು ದಿನಾ ಹೆಕ್ಕಿ. ನಾಲ್ಕು ಅಂಕ.

ಜಬೂಟಿಕಾಬವನ್ನು ಮರದ್ರಾಕ್ಷಿ ಎಂದು ಆಸೆ ಹುಟ್ಟಿಸಿ ಮಾರುತ್ತಾರೆ. ಕಾಂಡಕ್ಕೇ ಅಂಟಿದ ಕಪ್ಪು ಹಣ್ಣಿನ ಚಿತ್ರ ನೋಡಿ ಕೊಳ್ಳದವರಿಲ್ಲ. ನೆರಳು ತಡೆಯುತ್ತದೆ ಎಂಬುದು ಸತ್ಯ. ಆದರೆ ‘ಸಬಾರ’ ತಳಿಯ ಬೀಜದ ಸಸಿಗೆ ಎಂಟು-ಹತ್ತು ವರ್ಷ ಕಾಯಬೇಕು, ನೆರಳಲ್ಲಿ ಇನ್ನೂ ಹೆಚ್ಚು. ‘ರೆಡ್ ಹೈಬ್ರಿಡ್’ ಎಂದು ಮಾರುವುದು ಮೂರ್ನಾಲ್ಕು ವರ್ಷಕ್ಕೇ ಶುರುಮಾಡುತ್ತದೆ. ಕೇಳಿ, ಚೀಟಿ ನೋಡಿ, ಅದನ್ನೇ ತನ್ನಿ. ಇದಕ್ಕೆ ಹುಳಿಮಣ್ಣು ಬೇಕು. ಬೋರ್‌ವೆಲ್ಲಿನ ಗಡಸುನೀರು ಹಾಕುತ್ತ ಹೋದರೆ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸುರಾಗಿ ಉಳಿಯುತ್ತದೆ, ಅಂಚು ಸುಡುತ್ತದೆ. ಮಳೆನೀರು ಹಿಡಿದಿಡುವ ಮನೆಗೆ ಒಳ್ಳೆಯ ಗಿಡ. ಕಿತ್ತ ಎರಡು-ಮೂರು ದಿನಕ್ಕೆ ಹಣ್ಣು ಹುಳಿಯುತ್ತದೆ, ಆದ್ದರಿಂದಲೇ ಮಾರುಕಟ್ಟೆಯಲ್ಲಿ ಕಾಣುವುದಿಲ್ಲ. ಮನೆಯಲ್ಲಿ ಬೆಳೆಯುವುದಕ್ಕೆ ಅದೇ ಒಳ್ಳೆಯ ಕಾರಣ.

ಬಿಂಬುಳಿ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಕಾಂಡದಿಂದಲೇ ಗೊಂಚಲು, ಅರೆನೆರಳಲ್ಲೂ ಕೊಡುತ್ತದೆ, ಬೀಜದ ಸಸಿಯೇ ಸಾಕು, ಅಗ್ಗ. ಒಂದು ಮರ ಉಪ್ಪಿನಕಾಯಿಗೆ, ಮೀನು ಸಾರಿಗೆ, ಗೊಜ್ಜಿಗೆ ಹಾಕಿ ಮುಗಿಯದು. ಎರಡನೆಯದು ಕೊಳ್ಳಬೇಡಿ. ಎಚ್ಚರಿಕೆಯೊಂದನ್ನು ಹೇಳಲೇಬೇಕು: ಇದರಲ್ಲಿ ಆಕ್ಸಲೇಟ್ ಬಹಳ. ಹಸಿ ರಸ ಹಿಂಡಿ ಲೋಟಗಟ್ಟಲೆ ಕುಡಿದು ಮೂತ್ರಪಿಂಡ ಕೆಟ್ಟ ಪ್ರಕರಣಗಳು ಕೇರಳದಲ್ಲಿ ದಾಖಲಾಗಿವೆ. ಅಡುಗೆಗೆ ನಾಲ್ಕು ಕಾಯಿ ಬೇರೆ, ಔಷಧಿಯೆಂದು ರಸ ಕುಡಿಯುವುದು ಬೇರೆ. ಇದರ ಅಕ್ಕ ಧಾರೆಹುಳಿಯನ್ನೂ ಕಿಡ್ನಿ ತೊಂದರೆ ಇರುವವರು ಮುಟ್ಟಬಾರದು.

ಮ್ಯಾಂಗೋಸ್ಟೀನ್ ಬಗ್ಗೆ ನರ್ಸರಿಯವರು ಹೇಳುವುದು ಅರ್ಧ ಸತ್ಯ. ಮೊದಲ ಮೂರ್ನಾಲ್ಕು ವರ್ಷ ಇದಕ್ಕೆ ನೆರಳು ಬೇಕೇಬೇಕು, ಬಿಸಿಲಿಗೆ ಎಲೆ ಸುಡುತ್ತದೆ. ಫಲಕ್ಕೆ ಬರುವಾಗ ಬೆಳಕು ಬೇಕು. ಹಾಗಾಗಿ ವರ್ಷವರ್ಷ ಮೇಲಿನ ಮರದ ಕೊಂಬೆ ಬಿಡಿಸುತ್ತ ಬರಲು ಒಪ್ಪುವವರು ಮಾತ್ರ ಕೊಳ್ಳಬೇಕು. ಇದರಲ್ಲಿ ಒಂದು ಸಮಾಧಾನವಿದೆ. ಮುರುಗಲಿನ ಬಳಗವೇ ಆದರೂ ಗಂಡು ಮರದ ರಗಳೆಯಿಲ್ಲ. ಬೀಜ ಪರಾಗವಿಲ್ಲದೆ ಹುಟ್ಟುವುದರಿಂದ ಬೀಜದ ಸಸಿಯೂ ತಾಯಿಯಂತೆಯೇ. ಏಳರಿಂದ ಹತ್ತು ವರ್ಷ ಕಾಯಬೇಕು. ಬೇರು ಉದ್ದ, ಕವಲು ಕಡಿಮೆ. ಚೀಲ ಹರಿಯುವಾಗ ಮಣ್ಣುಂಡೆ ಒಡೆದರೆ ಸಸಿ ವರ್ಷಗಟ್ಟಲೆ ಮುನಿಸಿಕೊಂಡು ನಿಲ್ಲುತ್ತದೆ ಅಥವಾ ಸಾಯುತ್ತದೆ. ಕರಾವಳಿ, ಕೊಡಗಿನ ತೇವಕ್ಕೆ ಸರಿ, ಬಯಲುಸೀಮೆಗೆ ಬೇಡ.

ಲಕ್ಷ್ಮಣಫಲ ಅರೆನೆರಳಲ್ಲಿ ಬೆಳೆಯುತ್ತದೆ, ಕಾಯಿ ಕಡಿಮೆ. ಮಿರಾಕಲ್ ಫ್ರೂಟ್ ನೆರಳು ಇಷ್ಟಪಡುವ ಪುಟ್ಟ ಪೊದೆ, ಹುಳಿಮಣ್ಣು ಬೇಕು, ನಿಧಾನ. ಅದನ್ನು ತಿಂದ ಮೇಲೆ ನಿಂಬೆಹುಳಿಯೂ ಸ್ವಲ್ಪ ಹೊತ್ತು ಸಿಹಿಯೆನಿಸುತ್ತದೆ. ಕುಂಡದಲ್ಲಿಟ್ಟು ಮಕ್ಕಳಿಗೆ ತೋರಿಸಲು ಚೆನ್ನ, ಹಣ್ಣಿನ ಬೆಳೆ ಎಂದು ಲೆಕ್ಕ ಹಿಡಿಯಬೇಡಿ. ಘಟ್ಟದ ಹಣ್ಣುಸಂಪಿಗೆ ಸಿಕ್ಕರೆ ಖಂಡಿತ ತನ್ನಿ. ನೆರಳಿಗೆ ಒಗ್ಗಿದ ನಮ್ಮದೇ ಕಾಡಿನ ಗಿಡ. ಮುಳ್ಳಿರುತ್ತದೆ, ಗಂಡು-ಹೆಣ್ಣು ಬೇರೆ, ಆದ್ದರಿಂದ ಮೂರು-ನಾಲ್ಕು ಸಸಿ ಒಟ್ಟಿಗೆ ಬೇಕು.

ಕೊಳ್ಳಬಾರದವು: ಸೀಬೆ, ಸಪೋಟ, ದಾಳಿಂಬೆ, ಅಂಜೂರ, ಪಪ್ಪಾಯಿ, ಡ್ರ್ಯಾಗನ್ ಫ್ರೂಟ್, ರಾಂಬುಟಾನ್, ಬೆಣ್ಣೆಹಣ್ಣು. ಕೊನೆಯ ಎರಡರ ಬಗ್ಗೆ ಗೊಂದಲವಿದೆ, ಕಾಫಿ ತೋಟದಲ್ಲಿ ಬರುತ್ತವಲ್ಲ ಎಂದು. ಅಲ್ಲಿ ಅವು ಕಾಫಿಯ ಮೇಲೆ ನಿಂತಿರುತ್ತವೆ, ಇನ್ನೊಂದು ಮರದ ಕೆಳಗಲ್ಲ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದಿಂದ ಬಂದ ‘ಅರ್ಕಾ ಕೂರ್ಗ್ ಅರುಣ್’ ರಾಂಬುಟಾನ್, ‘ಅರ್ಕಾ ಕೂರ್ಗ್ ರವಿ’ ಬೆಣ್ಣೆಹಣ್ಣು ಉತ್ತಮ ತಳಿಗಳು. ಅವಕ್ಕೆ ಬಯಲು ಜಾಗ ಕೊಡಿ. ಪ್ಯಾಶನ್ ಫ್ರೂಟ್ ಬಳ್ಳಿ ಇನ್ನೊಂದು ಥರದ ನಷ್ಟ: ಮರ ಹತ್ತಿ ನೆತ್ತಿಯ ಬಿಸಿಲಲ್ಲಿ ಕಾಯಿಬಿಡುತ್ತದೆ, ತಿನ್ನುವುದು ಬಾವಲಿ, ಅಳಿಲು. ಮರಕ್ಕೆ ಬಳ್ಳಿಯೇ ಹಬ್ಬಿಸಬೇಕೆಂದರೆ ಕರಿಮೆಣಸು ಹಬ್ಬಿಸಿ. ನೆರಳು ಹೆಚ್ಚಿದ್ದರೆ ಪಣಿಯೂರು-1 ಬೇಡ, ಅದಕ್ಕೆ ಬೆಳಕು ಬೇಕು. ಕರಿಮುಂಡ ಅಥವಾ ಪಣಿಯೂರು-5 ತನ್ನಿ. ಬಳ್ಳಿಯನ್ನು ಕಾಂಡದಿಂದ ಒಂದಡಿ ದೂರ, ಉತ್ತರದ ಬದಿಯಲ್ಲಿ ನೆಡಬೇಕು.

ಕೌಂಟರಿನ ಮುಂದೆ ನಿಂತಾಗ ದೊಡ್ಡ ಸಸಿಗೆ ಮನಸೋಲುವುದು ಸಹಜ. ಮರದಡಿಗೆ ಚಿಕ್ಕದೇ ಒಳ್ಳೆಯದು. ಐದಡಿಯ ಸಸಿಗೆ ದೊಡ್ಡ ಗುಂಡಿ ಬೇಕು, ದೊಡ್ಡ ಗುಂಡಿ ಎಂದರೆ ಹಳೇ ಮರದ ಬೇರು ಕಡಿತ. ಒಂದೂವರೆಯಿಂದ ಎರಡಡಿಯ ಸಸಿ ಸಾಕು. ಚೀಲದ ತಳ ನೋಡಿ. ಬೇರು ಹೊರಬಂದು ಸುರುಳಿ ಸುತ್ತಿದ್ದರೆ ಬೇಡ. ಕಸಿಗಂಟನ್ನು ಹೆಬ್ಬೆರಳಿನಿಂದ ಸವರಿ: ಪ್ಲಾಸ್ಟಿಕ್ ಪಟ್ಟಿ ಇನ್ನೂ ಬಿಗಿದು ಕಾಂಡಕ್ಕೆ ಗೆರೆ ಬಿದ್ದಿದ್ದರೆ ಮುಂದೆ ಅಲ್ಲೇ ಮುರಿಯುತ್ತದೆ. ಗಂಟಿನ ಕೆಳಗಿನಿಂದ ಬಂದ ಚಿಗುರೇ ಹುಲುಸಾಗಿದ್ದರೆ ನೀವು ಕೊಳ್ಳುತ್ತಿರುವುದು ಕಸಿಯನ್ನಲ್ಲ, ಬೇರುಸಸಿಯನ್ನು. ಬಿಸಿಲಲ್ಲೇ ಇಟ್ಟು ಬೆಳೆಸಿದ ಸಸಿಯನ್ನು ನೇರ ನೆರಳಿಗೆ ತಂದರೆ ಎಲೆ ಉದುರುತ್ತದೆ, ಅದಕ್ಕೆ ಹೆದರಬೇಕಿಲ್ಲ, ಹೊಸದು ಬರುತ್ತದೆ. ತೋಟಗಾರಿಕೆ ಇಲಾಖೆಯ ನರ್ಸರಿ, ಕೃಷಿ ವಿಜ್ಞಾನ ಕೇಂದ್ರ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ (ಐ.ಐ.ಎಚ್.ಆರ್.)ಯಂಥ ಕಡೆ ತಳಿಯ ಹೆಸರು ನಂಬಬಹುದು, ಆದರೆ ಬೇಕಾದ ಸಸಿ ಯಾವಾಗಲೂ ಇರುವುದಿಲ್ಲ. ಮಳೆಗಾಲಕ್ಕೆ ಮೊದಲೇ ವಿಚಾರಿಸಿ ಹೇಳಿಟ್ಟುಕೊಳ್ಳಬೇಕು. ಆನ್‌ಲೈನಿನಲ್ಲಿ ತರಿಸುವುದಾದರೆ ಮ್ಯಾಂಗೋಸ್ಟೀನ್ ಮಾತ್ರ ತರಿಸಬೇಡಿ, ಪೆಟ್ಟಿಗೆಯಲ್ಲಿ ಉರುಳಾಡಿ ಮಣ್ಣುಂಡೆ ಒಡೆದೇ ಬರುತ್ತದೆ.

ನೆಡುವ ಕ್ರಮ ಬಯಲಿನಂತಲ್ಲ. ಮರದ ಕಾಂಡದಿಂದ ಕನಿಷ್ಠ ಏಳೆಂಟು ಅಡಿ ದೂರ ಹೋಗಿ. ಹಲಸಿನ ಮರವಾದರೆ ಕಾಯಿ ಜೋತುಬಿದ್ದ ದಪ್ಪ ಕೊಂಬೆಯ ನೇರ ಕೆಳಗೆ ನೆಡಬೇಡಿ. ಹತ್ತು ಕಿಲೋ ಹಣ್ಣು ಬಿದ್ದರೆ ಸಸಿ ಉಳಿಯುವುದಿಲ್ಲ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ಸಾಕು, ಕೈಯಲ್ಲೇ ಅಗೆಯಿರಿ. ಹೆಬ್ಬೆರಳಿಗಿಂತ ದಪ್ಪ ಬೇರು ಸಿಕ್ಕರೆ ಕಡಿಯದೆ ಗುಂಡಿಯನ್ನೇ ಪಕ್ಕಕ್ಕೆ ಸರಿಸಿ. ತೆಗೆದ ಮಣ್ಣಿಗೆ ಐದು ಕಿಲೋ ಹಳೇ ಕಾಂಪೋಸ್ಟ್, 200 ಗ್ರಾಂ ಬೇವಿನ ಹಿಂಡಿ ಬೆರೆಸಿ. ಹಸಿ ಸಗಣಿ ಬೇಡ, ಬೇರುಹುಳ ಬರುತ್ತದೆ. ಹುಳಿಮಣ್ಣು ಬಯಸುವ ಗಿಡಕ್ಕೆ ಒಲೆಬೂದಿಯೂ ಬೇಡ. ಗುಂಡಿಯ ಮರದ ಕಡೆಯ ಗೋಡೆಗೆ ಹಳೇ ತಗಡನ್ನೋ ದಪ್ಪ ಪ್ಲಾಸ್ಟಿಕ್ಕನ್ನೋ ನಿಲ್ಲಿಸಿ. ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ಹಳೇ ಮರದ ಹೀರುಬೇರು ಆ ಮೆತ್ತಗಿನ ಗೊಬ್ಬರಮಣ್ಣಿಗೆ ನುಗ್ಗಿ, ಸಸಿಗೆ ಹಾಕಿದ್ದನ್ನೆಲ್ಲ ತಾನು ತಿನ್ನುತ್ತದೆ. ಸಿಮೆಂಟ್ ರಿಂಗ್ ಇಟ್ಟು ಮಣ್ಣು ತುಂಬಿದರೂ ಇದೇ ಕಥೆ, ಬೇರು ಕೆಳಗಿನಿಂದ ಏರಿ ಬರುತ್ತದೆ. ಮರದ ಬುಡಕ್ಕೆ ಒಂದಡಿ ಹೊಸಮಣ್ಣು ಸುರಿದು ಏರಿ ಮಾಡುವುದಂತೂ ಬೇಡವೇ ಬೇಡ. ಬೇರಿಗೆ ಗಾಳಿ ಸಿಗದೆ ಎರಡು-ಮೂರು ವರ್ಷಕ್ಕೆ ಹಳೇ ಮರವೇ ಒಣಗಬಹುದು.

ಗೊಬ್ಬರವನ್ನು ಒಮ್ಮೆಗೆ ಹಾಕಿದರೆ ದೊಡ್ಡ ಮರಕ್ಕೆ ಹಾಕಿದಂತೆ. ವರ್ಷಕ್ಕೆ ಹತ್ತು ಕಿಲೋ ಕೊಡುವುದಿದ್ದರೆ ಮೂರು-ನಾಲ್ಕು ಕಂತು ಮಾಡಿ, ಬುಡದಿಂದ ಅರ್ಧ ಅಡಿ ಬಿಟ್ಟು ಸುತ್ತ ಹಾಕಿ, ತರಗೆಲೆ ಮುಚ್ಚಿ. ಎಲೆ ಕಾಂಡಕ್ಕೆ ತಾಗದಂತೆ ನಾಲ್ಕು ಇಂಚು ಬಿಡಿ.

ನೀರಿನ ವಿಷಯದಲ್ಲಿ ಮಳೆ ಮೋಸ ಮಾಡುತ್ತದೆ. ಸಣ್ಣ ಮಳೆ ಮೇಲಿನ ಎಲೆಗಳಿಗೇ ಸಾಕಾಗುತ್ತದೆ, ಅಂಗಳ ಒದ್ದೆಯಾದರೂ ಮರದಡಿ ಧೂಳು ಹಾಗೇ ಇರುತ್ತದೆ. ಬೆರಳನ್ನು ಎರಡು ಗೆಣ್ಣಿನ ಆಳಕ್ಕೆ ಇಳಿಸಿ ನೋಡಿಯೇ ನಿರ್ಧರಿಸಿ. ಬೇಸಿಗೆಯಲ್ಲಿ ಮೊದಲೆರಡು ವರ್ಷ ಮೂರು ದಿನಕ್ಕೊಮ್ಮೆ ಒಂದು ಬಿಂದಿಗೆ, ಅಂದರೆ ಹತ್ತು-ಹನ್ನೆರಡು ಲೀಟರ್, ನಿಧಾನವಾಗಿ.

ಮೇಲಿನದು ಮಾವಾದರೆ ಇಲ್ಲೊಂದು ಇಕ್ಕಟ್ಟಿದೆ, ಇದನ್ನು ನರ್ಸರಿಯಲ್ಲಿ ಯಾರೂ ಹೇಳುವುದಿಲ್ಲ. ಮಾವು ಹೂಬಿಡಬೇಕಾದರೆ ನವೆಂಬರ್-ಡಿಸೆಂಬರಿನಲ್ಲಿ ಅದಕ್ಕೆ ಒಣಗು ಬೇಕು. ಕೆಳಗಿನ ಕೋಕೋಗೆಂದು ಆಗ ನೀರು ಬಿಡುತ್ತ ಹೋದರೆ ಮಾವು ಹೂವಿನ ಬದಲು ಕೆಂಪು ಚಿಗುರು ಹೊಡೆಯುತ್ತದೆ, ಆ ವರ್ಷದ ಹಣ್ಣು ಹೋಯಿತು. ಹಾಗಾಗಿ ಮಾವಿನಡಿಗೆ ಸುರಿನಾಮ್ ಚೆರ್ರಿ, ಮುರುಗಲು, ಅನಾನಸಿನಂಥ ಒಣಹವೆ ತಡೆಯುವವು ಮಾತ್ರ. ನೀರು ಕೇಳುವ ಕೋಕೋ, ಜಬೂಟಿಕಾಬಕ್ಕೆ ಹೊಂಗೆ ಅಥವಾ ಸಿಲ್ವರ್ ಓಕಿನ ನೆರಳು ಹುಡುಕಿ. ಹಲಸಿನಡಿ ನೀರು ಕೊಡಬಹುದು, ಆದರೆ ಬುಡದಲ್ಲಿ ನೀರು ನಿಂತರೆ ಹಲಸು ಸಹಿಸುವುದಿಲ್ಲ. ಮಾವಿನಡಿಯ ಗಿಡಗಳ ಎಲೆ ಜನವರಿ-ಫೆಬ್ರವರಿಯಲ್ಲಿ ಅಂಟಂಟಾಗಿ, ಆಮೇಲೆ ಮಸಿ ಬಳಿದಂತೆ ಕಪ್ಪಾದರೆ ಆ ಗಿಡಕ್ಕೆ ಔಷಧಿ ಹೊಡೆದು ಪ್ರಯೋಜನವಿಲ್ಲ. ಮೇಲೆ ಮಾವಿನ ಹೂವಿಗೆ ಬಿದ್ದ ಜಿಗಿಹುಳುವಿನ ಸಿಹಿಅಂಟು ತೊಟ್ಟಿಕ್ಕಿ, ಅದರ ಮೇಲೆ ಕಪ್ಪುಬೂಷ್ಟು ಬೆಳೆದಿರುತ್ತದೆ. ಮಾವಿಗೆ ಔಷಧೋಪಚಾರ ಮಾಡಿ, ಕೆಳಗಿನ ಎಲೆಗಳನ್ನು ಬರೀ ನೀರಿನ ಪೈಪು ಹಿಡಿದು ತೊಳೆಯಿರಿ.